ಹಲ್ಲಿನ ಸವೆತ ಅಳೆಯಲು ಯಾವ ದಾರಿ? ಕಣ್ಣು, ಫೋಟೋ, ಪ್ಲಾಸ್ಟರ್ ಮಾಡೆಲ್, ತ್ರೀಡಿ ಸ್ಕ್ಯಾನ್

ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ಅಡಿಕೆ ತೋಟದ ಯಜಮಾನರೊಬ್ಬರಿದ್ದಾರೆ. ಅರವತ್ತರ ಹತ್ತಿರದ ವಯಸ್ಸು. ದಿನಕ್ಕೆ ಎಂಟು ಹತ್ತು ಸಲ ಕವಳ (ಎಲೆ ಅಡಿಕೆ) ಹಾಕುವ ಅಭ್ಯಾಸ. ಮೊದಲ ಸಲ ಬಂದಾಗ ಅವರ ಕೆಳಗಿನ ಎಡ ದವಡೆ ಹಲ್ಲು ಮೇಲ್ಗಡೆ ಚಪ್ಪಟೆಯಾಗಿತ್ತು. ನಡುವೆ ಹಳದಿ ಬಣ್ಣದ ಪುಟ್ಟ ಕುಳಿ, ಬಟ್ಟಲಿನ ಹಾಗೆ. ಕನ್ನಡಿ ಹಿಡಿದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ ಕೇಳಿದರು: "ಡಾಕ್ಟ್ರೇ, ಇದು ಯಾವತ್ತೋ ಸವೆದದ್ದೋ, ಈಗಲೂ ಸವೀತಾನೇ ಇದೆಯೋ?"

ಆ ದಿನ ನನ್ನ ಹತ್ತಿರ ಉತ್ತರ ಇರಲಿಲ್ಲ. ಎಷ್ಟು ಸವೆದಿದೆ ಎಂದು ಒಂದು ಸಲ ನೋಡಿ ಹೇಳಬಹುದು. ಇನ್ನೂ ಸವೆಯುತ್ತಿದೆಯೇ ಎಂದು ಹೇಳಬೇಕಾದರೆ ಎರಡು ದಾಖಲೆ ಬೇಕು, ನಡುವೆ ಕಾಲ ಕಳೆದಿರಬೇಕು. ಚಿಕಿತ್ಸೆ ನಿಂತಿರುವುದು ಈ ಎರಡನೇ ಉತ್ತರದ ಮೇಲೆಯೇ. ಸವೆತ ನಿಂತಿದ್ದರೆ ಎಷ್ಟೋ ಸಲ ಹಲ್ಲನ್ನು ಹಾಗೇ ಬಿಡಬಹುದು. ನಡೆಯುತ್ತಲೇ ಇದ್ದರೆ ಕಾರಣ ಹುಡುಕಬೇಕು. ಕ್ಯಾಪ್ ಹಾಕುವ ಮಾತು ಅದಾದ ಮೇಲೆ. (ಯಜಮಾನರಿಗೆ ಕವಳ ಬಿಡಿ ಎಂದು ನಾನು ಪ್ರತಿ ಸಲ ಹೇಳುತ್ತೇನೆ. ಅದು ಮೊದಲು ಬಾಯಿ ಕ್ಯಾನ್ಸರಿನ ಭಯಕ್ಕೆ, ಸವೆತದ ಮಾತು ಆಮೇಲಿನದು.)

ಸವೆತವನ್ನು ಕಾಲಕಾಲಕ್ಕೆ ಅಳೆಯಲು ಈಗ ನಾಲ್ಕೈದು ದಾರಿಗಳಿವೆ. ಹೊಸದೇ ಒಳ್ಳೆಯದು ಎಂದುಕೊಂಡು ಎಲ್ಲರೂ ಸ್ಕ್ಯಾನರ್ ಕಡೆ ಓಡಬೇಕಾಗಿಲ್ಲ. ಹಳೆಯದೇ ಸಾಕು ಎಂದು ಕೂರುವ ಹಾಗೂ ಇಲ್ಲ. "ನಿಮ್ಮ ಹಲ್ಲು ಸವೆದಿದೆ" ಎಂದು ವೈದ್ಯರಿಂದ ಕೇಳಿಸಿಕೊಂಡು ಮುಂದೇನು ಎಂದು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೊಸದಾಗಿ ಸ್ಕ್ಯಾನರ್ ತೆಗೆದುಕೊಂಡ ಕಿರಿಯ ದಂತವೈದ್ಯರಿಗೂ ಉಪಯೋಗಕ್ಕೆ ಬರಬಹುದು.

ಮೊದಲು ಒಂದು ಲೆಕ್ಕ

1989ರಲ್ಲಿ ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಪ್ರಕಟಿಸಿದರು. ಮೇಲಿನ ಹಲ್ಲೂ ಕೆಳಗಿನ ಹಲ್ಲೂ ತಾಗುವ ಜಾಗದಲ್ಲಿ ಎನಾಮಲ್ (ಹಲ್ಲಿನ ಹೊರಗಿನ ಗಟ್ಟಿ ಪದರ) ವರ್ಷಕ್ಕೆ ಎಷ್ಟು ಸವೆಯುತ್ತದೆ ಎಂದು ನೋಡಿದ್ದರು. ದೊಡ್ಡ ದವಡೆ ಹಲ್ಲಿನಲ್ಲಿ ಸುಮಾರು 29 ಮೈಕ್ರಾನ್, ಅದರ ಮುಂದಿನ ಚಿಕ್ಕ ದವಡೆ ಹಲ್ಲಿನಲ್ಲಿ ಸುಮಾರು 15 ಮೈಕ್ರಾನ್. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್ ಇರುತ್ತದೆ. ನಮ್ಮ ತಲೆಗೂದಲಿನ ದಪ್ಪ ಹೆಚ್ಚುಕಡಿಮೆ 70 ಮೈಕ್ರಾನ್. ಅಂದರೆ ಆರೋಗ್ಯವಂತರ ದವಡೆ ಹಲ್ಲು ಒಂದು ಕೂದಲಿನಷ್ಟು ಸವೆಯಲು ಎರಡು ಎರಡೂವರೆ ವರ್ಷ ಬೇಕು.

ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದೆ ಓದಿ. ಯಾವ ದಾರಿಯನ್ನೇ ಆರಿಸಿದರೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಅಳತೆಯ ತಪ್ಪು ದೊಡ್ಡದೋ, ನಾವು ಹುಡುಕುತ್ತಿರುವ ಸವೆತ ದೊಡ್ಡದೋ? ತಪ್ಪೇ ದೊಡ್ಡದಾದರೆ ಪರದೆಯ ಮೇಲೆ ಎಷ್ಟು ಚಂದದ ಬಣ್ಣ ಬಂದರೂ ಅದರಿಂದ ಏನೂ ತಿಳಿಯುವುದಿಲ್ಲ.

ಕಣ್ಣು ಮತ್ತು ಅಂಕ

ಅತಿ ಹಳೆಯ ದಾರಿ ಇದು. ಈಗಲೂ ಎಲ್ಲದಕ್ಕಿಂತ ಮೊದಲು ಮಾಡಬೇಕಾದದ್ದು ಇದನ್ನೇ. 2008ರಲ್ಲಿ ಬಂದ ಬೇವಿ (BEWE) ಎಂಬ ಅಂಕ ಪದ್ಧತಿ ತುಂಬ ಸುಲಭ. ಬಾಯಿಯನ್ನು ಆರು ಭಾಗ ಮಾಡಿಕೊಳ್ಳುತ್ತಾರೆ. ಪ್ರತಿ ಭಾಗದಲ್ಲಿ ಎಲ್ಲಕ್ಕಿಂತ ಜಾಸ್ತಿ ಸವೆದ ಹಲ್ಲಿಗೆ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. ಮೇಲ್ಮೈಯ ನುಣುಪು ಬದಲಾಗಲು ಶುರುವಾಗಿದ್ದರೆ 1. ಎದ್ದು ಕಾಣುವ ಸವೆತವಿದ್ದು, ಅದು ಅರ್ಧ ಮೇಲ್ಮೈಗಿಂತ ಕಡಿಮೆ ಇದ್ದರೆ 2. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಹೋಗಿದ್ದರೆ 3. ಆರನ್ನೂ ಕೂಡಿದರೆ ಹೆಚ್ಚೆಂದರೆ 18.

ಐದೇ ನಿಮಿಷದ ಕೆಲಸ, ಯಂತ್ರ ಬೇಡ. ಆದರೆ 2 ಅಂಕದ ಹಲ್ಲು 3ಕ್ಕೆ ಹೋಗಲು ಎಷ್ಟೋ ವರ್ಷ ಹಿಡಿಯಬಹುದು. ಅಷ್ಟರಲ್ಲಿ ತುಂಬ ಎನಾಮಲ್ ಹೋಗಿರುತ್ತದೆ. ಜತೆಗೆ ನಾನು 1 ಕೊಟ್ಟಿದ್ದಕ್ಕೆ ಇನ್ನೊಬ್ಬರು 2 ಕೊಡಬಹುದು. ಯಾರಿಗೆ ಹೆಚ್ಚು ಗಮನ ಬೇಕು ಎಂದು ಆರಿಸಲು ಈ ಅಂಕ ಒಳ್ಳೆಯದು. ವೇಗ ಅಳೆಯಲು ಸಾಲದು. ನಿಮ್ಮ ಅಂಕ ಕಡಿಮೆಯಿದ್ದು, ಹಲ್ಲು ಜುಂ ಅನ್ನದಿದ್ದರೆ, ವರ್ಷಕ್ಕೊಮ್ಮೆ ಇದೊಂದೇ ಸಾಕು. ಉಳಿದದ್ದಕ್ಕೆ ದುಡ್ಡು ಖರ್ಚು ಮಾಡಬೇಡಿ.

ಫೋಟೋ

ಫೋಟೋಗೆ ಒಂದು ದೊಡ್ಡ ಗುಣವಿದೆ, ಬಣ್ಣ. ಎನಾಮಲ್ ಹೋಗಿ ಒಳಗಿನ ಡೆಂಟಿನ್ ಕಾಣಿಸಿಕೊಂಡಾಗ ಹಳದಿ ಚುಕ್ಕೆ ಬರುತ್ತದಲ್ಲ, ಅದು ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಮುಂದಿನ ಹಲ್ಲಿನ ಅಂಚು ಗಾಜಿನ ಹಾಗೆ ಪಾರದರ್ಶಕವಾಗುವುದೂ ಕಾಣುತ್ತದೆ. ತೊಂದರೆ ಏನೆಂದರೆ ಫೋಟೋದಲ್ಲಿ ಆಳ ಗೊತ್ತಾಗುವುದಿಲ್ಲ. ಕ್ಯಾಮೆರಾ ಸ್ವಲ್ಪ ಓರೆಯಾದರೂ ಹಲ್ಲು ಗಿಡ್ಡವೋ ಉದ್ದವೋ ಆಗಿಬಿಡುತ್ತದೆ. ಫೋಟೋದಿಂದ ಮೈಕ್ರಾನ್ ಲೆಕ್ಕ ತೆಗೆಯಲು ಹೋಗಬೇಡಿ. ಬೇರೆ ಯಾವುದೇ ದಾರಿಯ ಜತೆ ಇದನ್ನು ಇಟ್ಟುಕೊಳ್ಳಿ.

ಅಚ್ಚು ಮತ್ತು ಪ್ಲಾಸ್ಟರ್ ಮಾಡೆಲ್

ನಮ್ಮಲ್ಲಿ ಎಷ್ಟೋ ಕ್ಲಿನಿಕ್‌ಗಳಲ್ಲಿ ಇವತ್ತಿಗೂ ಇದೇ ನಡೆಯುವುದು. ಬಾಯಿಯ ಅಚ್ಚು ತೆಗೆದು, ಪ್ಲಾಸ್ಟರ್ ಹುಯ್ದು, ಮಾಡೆಲ್ ಮಾಡಿ, ತಾರೀಖು ಬರೆದು ಡಬ್ಬದಲ್ಲಿ ಇಡುತ್ತೇವೆ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಬಹುದು. ನೋಡಿದ ತಕ್ಷಣ ಎಲ್ಲರಿಗೂ ಅರ್ಥವಾಗುತ್ತದೆ. ಖರ್ಚೂ ಕಡಿಮೆ.

ಆದರೆ ಪ್ಲಾಸ್ಟರ್ ಗಟ್ಟಿಯಾಗುವಾಗ ಒಂಚೂರು ಹಿಗ್ಗುತ್ತದೆ. ಮಾಮೂಲಿ ಬಿಳಿ ಪ್ಲಾಸ್ಟರ್ ಶೇಕಡಾ 0.3ರವರೆಗೆ ಹಿಗ್ಗಬಹುದು. ಕ್ಯಾಪ್ ಮಾಡಲು ಬಳಸುವ, ಸ್ಟೋನ್ ಎಂಬ ಗಟ್ಟಿ ಪ್ಲಾಸ್ಟರ್‌ಗೆ ಮಿತಿ ಶೇಕಡಾ 0.15. ಕೇಳಲು ಚಿಕ್ಕ ಸಂಖ್ಯೆ. ಹತ್ತು ಮಿಲಿಮೀಟರ್ ಅಗಲದ ದವಡೆ ಹಲ್ಲಿಗೆ ಲೆಕ್ಕ ಹಾಕಿ ನೋಡಿ: ಸ್ಟೋನ್‌ನಲ್ಲಿ 15 ಮೈಕ್ರಾನ್, ಬಿಳಿ ಪ್ಲಾಸ್ಟರಿನಲ್ಲಿ 30 ಮೈಕ್ರಾನ್. ಮೇಲೆ ಹೇಳಿದ 29 ನೆನಪಿದೆ ಅಲ್ವಾ? ಒಂದು ವರ್ಷದ ಸವೆತದಷ್ಟು ವ್ಯತ್ಯಾಸ ಬರೀ ಪ್ಲಾಸ್ಟರಿನಲ್ಲೇ ಆಗಿಬಿಡಬಹುದು!

ಅಚ್ಚಿನದು ಇನ್ನೊಂದು ಕಥೆ. ಅಲ್ಜಿನೇಟ್ ಎಂಬ, ನೀರಿನಲ್ಲಿ ಕಲಸುವ ಪುಡಿಯ ಅಚ್ಚಿನಲ್ಲಿ ನೀರೇ ಹೆಚ್ಚು. ತೆಗೆದು ಮೇಜಿನ ಮೇಲೆ ಇಟ್ಟು ಇನ್ನೊಬ್ಬರನ್ನು ನೋಡಲು ಹೋದರೆ ಅಷ್ಟರಲ್ಲಿ ನೀರು ಆರಿ ಕುಗ್ಗಲು ಶುರುವಾಗುತ್ತದೆ. ಅದಕ್ಕೇ ತಕ್ಷಣ ಪ್ಲಾಸ್ಟರ್ ಹುಯ್ಯಬೇಕು. ಸವೆತ ಅಳೆಯಲೆಂದೇ ಅಚ್ಚು ತೆಗೆಯುವುದಾದರೆ ಸಿಲಿಕೋನ್ ಬಳಸಿ. ಬೆಲೆ ಜಾಸ್ತಿ, ಆದರೆ ಆಕಾರ ಹಾಗೇ ಉಳಿಯುತ್ತದೆ. ಮಾಡೆಲ್ ಜೋಪಾನ ಮಾಡುವುದೂ ಒಂದು ಕೆಲಸವೇ. ಒಂದು ಸಲ ಡಬ್ಬ ತೆಗೆಯುವಾಗ ನನ್ನ ಕೈಯಿಂದಲೇ ಒಂದು ಮಾಡೆಲ್ ಜಾರಿ ಹಲ್ಲಿನ ತುದಿ ಚೂರಾಯಿತು. ಐದು ವರ್ಷದ ಹಿಂದಿನ ಆ ಹಲ್ಲನ್ನು ಮತ್ತೆ ಎಲ್ಲಿಂದ ತರುವುದು?

ಸಿಲಿಕೋನ್ ಪುಟ್ಟಿಯ ಒಂದು ಸರಳ ಉಪಾಯವೂ ಇದೆ. ಇವತ್ತು ಹಲ್ಲಿನ ಮೇಲೆ ಪುಟ್ಟಿ ಒತ್ತಿ ಅಚ್ಚು ಮಾಡಿ, ನಡುವೆ ಸೀಳಿ ಇಟ್ಟುಕೊಳ್ಳುವುದು. ಎರಡು ವರ್ಷದ ಮೇಲೆ ಅದನ್ನೇ ಹಲ್ಲಿಗೆ ಕೂರಿಸಿ ನೋಡಿದರೆ, ಹಲ್ಲಿಗೂ ಪುಟ್ಟಿಗೂ ನಡುವೆ ಸಂದು ಕಾಣುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ. ಸಂಖ್ಯೆ ಸಿಗುವುದಿಲ್ಲ, ಆದರೆ ಜೋರಾಗಿ ಸವೆಯುತ್ತಿದ್ದರೆ ಖಂಡಿತ ಕಾಣುತ್ತದೆ. ಸ್ಕ್ಯಾನರ್ ಇಲ್ಲದ ಊರಿನಲ್ಲಿ ನಾನು ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಹಳೆಯ ಮಾಡೆಲ್ಲನ್ನು ಸ್ಕ್ಯಾನ್ ಮಾಡಿಸುವುದು

ಇದು ಪ್ಲಾಸ್ಟರ್ ಮಾಡೆಲ್ ಮತ್ತು ಬಾಯಿಯೊಳಗಿನ ಸ್ಕ್ಯಾನ್, ಈ ಎರಡರ ನಡುವಿನ ದಾರಿ. ತುಂಬ ಜನಕ್ಕೆ ಇದರ ಉಪಯೋಗ ಗೊತ್ತಿಲ್ಲ. ಡೆಂಟಲ್ ಲ್ಯಾಬ್‌ಗಳಲ್ಲಿ ಮೇಜಿನ ಮೇಲೆ ಇಡುವ ಸ್ಕ್ಯಾನರ್ ಇರುತ್ತದೆ. ಪ್ಲಾಸ್ಟರ್ ಮಾಡೆಲ್ಲನ್ನು ಅದರೊಳಗೆ ಇಟ್ಟರೆ ಕಂಪ್ಯೂಟರಿನಲ್ಲಿ ಮೂರು ಆಯಾಮದ ಹಲ್ಲು ಬರುತ್ತದೆ. ಒಳಗೆ ಜೊಲ್ಲಿಲ್ಲ, ನಾಲಿಗೆಯಿಲ್ಲ, ಅಲುಗಾಡುವವರಿಲ್ಲ. ಸ್ಕ್ಯಾನ್ ಬಹಳ ನಿಖರ. ಆದರೆ ಅದು ಅಳೆಯುವುದು ಪ್ಲಾಸ್ಟರನ್ನು, ಹಲ್ಲನ್ನಲ್ಲ. ಅಚ್ಚಿನ ತಪ್ಪು, ಪ್ಲಾಸ್ಟರಿನ ತಪ್ಪು ಎರಡೂ ಅದರ ಜತೆಗೇ ಬರುತ್ತವೆ.

ಹಾಗಿದ್ದರೂ ಈ ದಾರಿ ಕೊಡುವುದನ್ನು ಬೇರೆ ಯಾವುದೂ ಕೊಡುವುದಿಲ್ಲ. ಕಳೆದುಹೋದ ಕಾಲದ ದಾಖಲೆ ಸಿಗುವುದು ಇಲ್ಲಿ ಮಾತ್ರ. ಚಿಕ್ಕವರಿದ್ದಾಗ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿದ್ದಿರಾ? ಆಗ ಸಾಮಾನ್ಯವಾಗಿ ಮಾಡೆಲ್ ಮಾಡಿರುತ್ತಾರೆ. ಕ್ಲಿಪ್ ತೆಗೆದ ದಿನವೂ ಎಷ್ಟೋ ಕಡೆ ಮಾಡುತ್ತಾರೆ. ಆ ವೈದ್ಯರಿಗೆ ಒಂದು ಫೋನ್ ಮಾಡಿ ಕೇಳಿ. ಅಮ್ಮಂದಿರು ಎಷ್ಟೋ ಸಲ ಅದನ್ನು ಬೀರುವಿನಲ್ಲಿ ಎತ್ತಿಟ್ಟಿರುತ್ತಾರೆ. ಹತ್ತು ವರ್ಷದ ಹಿಂದಿನ ಮಾಡೆಲ್ ಸಿಕ್ಕರೆ 30 ಮೈಕ್ರಾನ್ ತಪ್ಪು ದೊಡ್ಡ ವಿಷಯವೇ ಅಲ್ಲ. ಹತ್ತು ವರ್ಷದ ಸವೆತ ಅದಕ್ಕಿಂತ ಎಷ್ಟೋ ದೊಡ್ಡದಿರುತ್ತದೆ.

ಬಾಯಿಯೊಳಗಿನ ಸ್ಕ್ಯಾನ್

ಟೂತ್‌ಬ್ರಶ್ಶಿಗಿಂತ ಸ್ವಲ್ಪ ದಪ್ಪಗಿನ ಒಂದು ಕಡ್ಡಿ. ತುದಿಯಲ್ಲಿ ಬೆಳಕು, ಒಳಗೆ ಕ್ಯಾಮೆರಾ. ಹಲ್ಲುಗಳ ಮೇಲೆ ನಿಧಾನ ಸಾಗಿಸಿದರೆ ನೂರಾರು ಚಿತ್ರ ತೆಗೆದು, ಒಂದಕ್ಕೊಂದು ಹೊಲಿದು, ಇಡೀ ಸಾಲನ್ನು ಪರದೆಯ ಮೇಲೆ ಕಟ್ಟುತ್ತದೆ. ಎಕ್ಸ್‌ರೇ ಅಲ್ಲ, ಬರೀ ಬೆಳಕು. ಎಷ್ಟು ಸಲ ಮಾಡಿಸಿದರೂ ತೊಂದರೆಯಿಲ್ಲ. ಅಚ್ಚು ಇಟ್ಟರೆ ವಾಕರಿಕೆ ಬರುವವರಿಗೆ ಇದು ದೊಡ್ಡ ನೆಮ್ಮದಿ. 1985ರಲ್ಲಿ ಜ್ಯೂರಿಕ್‌ನಲ್ಲಿ ವರ್ನರ್ ಮೋರ್ಮನ್ ಮತ್ತು ಮಾರ್ಕೋ ಬ್ರಾಂಡೆಸ್ಟಿನಿ ಇಂಥ ಯಂತ್ರವನ್ನು ಮೊದಲು ಬಳಸಿದ್ದು ಹಲ್ಲಿನ ಕುಳಿಗೆ ಹೊಂದುವ ತುಂಡು ತಯಾರಿಸಿ ಕೂರಿಸಲು. ಸವೆತ ಅಳೆಯುವ ಯೋಚನೆ ಆಮೇಲೆ ಬಂದದ್ದು.

"ಹೊಲಿಯುತ್ತದೆ" ಎಂದೆನಲ್ಲ, ಯಂತ್ರದ ಶಕ್ತಿಯೂ ಅಲ್ಲೇ, ತೊಂದರೆಯೂ ಅಲ್ಲೇ. ಪ್ರತಿ ಹೊಲಿಗೆಯಲ್ಲೂ ಕೂದಲೆಳೆಯ ಭಾಗದಷ್ಟು ತಪ್ಪು ಸೇರುತ್ತದೆ. ಒಂದು ಹಲ್ಲಿನ ಮಟ್ಟಿಗೆ ಅದು ಚಿಕ್ಕದು. ಈ ಕೊನೆಯ ದವಡೆ ಹಲ್ಲಿನಿಂದ ಆ ಕೊನೆಯ ದವಡೆ ಹಲ್ಲಿಗೆ ಹೋಗುವಷ್ಟರಲ್ಲಿ ಕೂಡುತ್ತಾ ಹೋಗಿ ದೊಡ್ಡದಾಗುತ್ತದೆ. ಹಾಗಾಗಿ ಇಡೀ ಸಾಲನ್ನು ಇಡೀ ಸಾಲಿನ ಮೇಲೆ ಕೂರಿಸಿ ಹೋಲಿಸಬೇಡಿ. ಒಂದೊಂದೇ ಹಲ್ಲನ್ನು ಕತ್ತರಿಸಿಕೊಂಡು ಹೋಲಿಸಿ. ಹಲ್ಲುಗಳು ವರ್ಷಗಳಲ್ಲಿ ಒಂಚೂರು ಜಾಗ ಬದಲಿಸುವುದೂ ಉಂಟು, ಅದನ್ನು ಸವೆತ ಎಂದುಕೊಳ್ಳುವ ಅಪಾಯವೂ ಇದರಿಂದ ತಪ್ಪುತ್ತದೆ.

ಕೂರಿಸುವ ರೀತಿಯಲ್ಲೇ ಎಲ್ಲ ಇದೆ

ಸ್ಕ್ಯಾನರಿನ ಬ್ರ್ಯಾಂಡ್ ಯಾವುದು ಎಂದು ಕೇಳುವವರು ತುಂಬ. ಎರಡು ಸ್ಕ್ಯಾನನ್ನು ಒಂದರ ಮೇಲೊಂದು ಹೇಗೆ ಕೂರಿಸಿದಿರಿ ಎಂದು ಕೇಳುವವರು ಕಡಿಮೆ. ನನಗೆ ಎರಡನೆಯದೇ ಮುಖ್ಯ.

ಹಳೆಯ ದೇವಸ್ಥಾನದ ಕಲ್ಲು ಮೆಟ್ಟಿಲು ನೆನಪಿಸಿಕೊಳ್ಳಿ. ಜನ ತುಳಿದು ತುಳಿದು ನಡುವೆ ತಗ್ಗಾಗಿರುತ್ತದೆ. ಎಷ್ಟು ತಗ್ಗು ಎಂದು ಅಳೆಯುವುದು ಹೇಗೆ? ಯಾರೂ ಕಾಲಿಡದ ಎರಡು ಅಂಚಿನ ಮೇಲೆ ಒಂದು ನೇರ ಕೋಲು ಇಟ್ಟು, ಅಲ್ಲಿಂದ ಕೆಳಗೆ ಅಳೆಯುತ್ತೇವೆ. ಅಂಚು ಸವೆದಿಲ್ಲ ಎಂಬ ನಂಬಿಕೆಯೇ ಇಲ್ಲಿ ಆಧಾರ.

ಹಲ್ಲಿಗೂ ಹಾಗೇ. ಕವಳ ಹಾಕುವ ಯಜಮಾನರ ದವಡೆ ಹಲ್ಲಿನಲ್ಲಿ ಸವೆಯುವುದು ಅಗಿಯುವ ಮೇಲ್ಭಾಗ. ಕೆನ್ನೆಯ ಕಡೆ, ನಾಲಿಗೆಯ ಕಡೆ ಇರುವ ಗೋಡೆಗಳು ಹೆಚ್ಚುಕಡಿಮೆ ಹಾಗೇ ಇರುತ್ತವೆ. ಎರಡು ಸ್ಕ್ಯಾನನ್ನು ಆ ಗೋಡೆಗಳ ಮೇಲೆ ಹೊಂದಿಸಬೇಕು. ಹುಳಿತೇಗಿನಿಂದ ಮೇಲಿನ ಮುಂದಿನ ಹಲ್ಲಿನ ಒಳಭಾಗ ಕರಗುತ್ತಿರುವವರಿಗೆ ತುಟಿಯ ಕಡೆಯ ಮೇಲ್ಮೈ ಆಧಾರ. ಗಟ್ಟಿ ಬ್ರಶ್ಶಿನಿಂದ ಉಜ್ಜಿ ಉಜ್ಜಿ ಒಸಡಿನ ಹತ್ತಿರ ಸವೆಸಿಕೊಂಡವರಿಗೆ ತಿರುಗಾಮುರುಗಾ, ಕಚ್ಚುವ ಭಾಗವೇ ಆಧಾರ. ಕಾರಣ ಗೊತ್ತಿಲ್ಲದೆ ಆಧಾರ ಆರಿಸಲು ಆಗುವುದಿಲ್ಲ. ಅದಕ್ಕೇ ಕಣ್ಣಿನಿಂದ ಹಲ್ಲು ನೋಡುವ ಪರೀಕ್ಷೆ ಮೊದಲು ಎಂದದ್ದು.

ಹೀಗೆ ಮಾಡದೆ "ಎಲ್ಲ ಕಡೆ ಆದಷ್ಟು ಹೊಂದಿಸು" ಎಂದು ಕಂಪ್ಯೂಟರಿಗೆ ಬಿಟ್ಟರೆ ಏನಾಗುತ್ತದೆ? ಅದು ಒಟ್ಟು ವ್ಯತ್ಯಾಸ ಕಡಿಮೆ ಮಾಡಲು ನೋಡುತ್ತದೆ. ಸವೆದ ಹಲ್ಲನ್ನು ಸ್ವಲ್ಪ ಮೇಲೆತ್ತಿ ಕೂರಿಸಿಬಿಡುತ್ತದೆ. ಸವೆದ ಜಾಗದಲ್ಲಿ ನಷ್ಟ ಕಡಿಮೆ ಕಾಣುತ್ತದೆ. ಸವೆಯದ ಜಾಗದಲ್ಲಿ ಹಲ್ಲು ಬೆಳೆದ ಹಾಗೆ ಕಾಣುತ್ತದೆ. ದೊಡ್ಡವರ ಎನಾಮಲ್ ಎಂದೂ ಬೆಳೆಯುವುದಿಲ್ಲ.

ಈ ಮಾತು ನಿಮ್ಮ ಕೈಯಲ್ಲಿ ಒಂದು ಒಳ್ಳೆಯ ಪರೀಕ್ಷೆ ಕೊಡುತ್ತದೆ. ಎರಡು ಸ್ಕ್ಯಾನಿನ ವ್ಯತ್ಯಾಸವನ್ನು ಬಣ್ಣದಲ್ಲಿ ತೋರಿಸುವ ನಕ್ಷೆ ಮುಂದಿಟ್ಟಾಗ "ಕಳೆದುಕೊಂಡದ್ದು" ಮಾತ್ರ ನೋಡಬೇಡಿ, "ಬೆಳೆದದ್ದು" ಎಷ್ಟು ಎಂದೂ ನೋಡಿ. ನನ್ನ ಮೊದಮೊದಲ ಹೋಲಿಕೆಯೊಂದರಲ್ಲಿ ಹಲ್ಲಿನ ಒಂದು ಬದಿ 40 ಮೈಕ್ರಾನ್ ಬೆಳೆದಿತ್ತು. ಕನ್ನಡಿ ಹಿಡಿದು ನೋಡಿದರೆ ಒಸಡಿನ ಹತ್ತಿರ ತೆಳ್ಳಗೆ ಪಾಚಿ ಕಟ್ಟಿತ್ತು. ಅವತ್ತಿನಿಂದ ಮೊದಲು ಕ್ಲೀನ್ ಮಾಡಿ, ಗಾಳಿ ಊದಿ ಒಣಗಿಸಿ, ಆಮೇಲೆ ಸ್ಕ್ಯಾನ್ ಮಾಡುತ್ತೇನೆ. ಜೊಲ್ಲಿನ ಪದರವನ್ನೂ ಯಂತ್ರ ಹಲ್ಲು ಎಂದೇ ಓದಿಬಿಡುತ್ತದೆ.

ಇನ್ನೊಂದು ಅಭ್ಯಾಸ ನನಗೆ ತುಂಬ ಇಷ್ಟ. ಒಂದೇ ದಿನ, ಒಂದೇ ಹಲ್ಲನ್ನು ಎರಡು ಸಲ ಸ್ಕ್ಯಾನ್ ಮಾಡಿ, ಆ ಎರಡನ್ನೇ ಹೋಲಿಸುವುದು. ಹತ್ತು ನಿಮಿಷದಲ್ಲಿ ಯಾರ ಹಲ್ಲೂ ಸವೆಯುವುದಿಲ್ಲ. ಹಾಗಾಗಿ ಅಲ್ಲಿ ಬರುವ ವ್ಯತ್ಯಾಸವೆಲ್ಲ ಅಳತೆಯ ತಪ್ಪೇ. ಅದು 25 ಮೈಕ್ರಾನ್ ಬಂದರೆ, ಮುಂದಿನ ವರ್ಷದ 20 ಮೈಕ್ರಾನ್ "ಸವೆತ"ವನ್ನು ನಂಬಬೇಡಿ. 80 ಬಂದರೆ ನಂಬಿ.

ಯಾವ ಸಾಫ್ಟ್‌ವೇರ್?

ಸ್ಕ್ಯಾನರ್ ಕಂಪನಿಗಳೇ ಹೋಲಿಕೆಯ ವ್ಯವಸ್ಥೆ ಕೊಡುತ್ತವೆ. ಐಟೆರೋದಲ್ಲಿ ಟೈಮ್‌ಲ್ಯಾಪ್ಸ್ ಇದೆ, ಟ್ರಿಯೋಸ್‌ನಲ್ಲಿ ಪೇಷೆಂಟ್ ಮಾನಿಟರಿಂಗ್ ಇದೆ. ಎರಡು ತಾರೀಖು ಆರಿಸಿದರೆ ಸಾಕು, ಬಣ್ಣ ಬಂದುಬಿಡುತ್ತದೆ. ಕುರ್ಚಿಯಲ್ಲಿ ಕೂತವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯದಿಲ್ಲ. ಸೋಡಾ, ಕೋಲಾ ಬಿಡಿ ಎಂದು ಹತ್ತು ಸಲ ಹೇಳಿದರೂ ಕೇಳದ ಹುಡುಗರು ತಮ್ಮ ಹಲ್ಲಿನ ಮೇಲೆ ಬಂದ ಬಣ್ಣ ನೋಡಿ ಸುಮ್ಮನಾಗುವುದನ್ನು ಕಂಡಿದ್ದೇನೆ.

ಲೆಕ್ಕ ಗಟ್ಟಿಯಾಗಿ ಬೇಕು, ಆಧಾರದ ಜಾಗ ನಾನೇ ಗುರುತು ಮಾಡಬೇಕು ಎನ್ನುವವರಿಗೆ ವೇರ್‌ಕಂಪೇರ್ ಇದೆ. ಲೀಡ್ಸ್ ಮತ್ತು ಲಂಡನ್ನಿನ ಕಿಂಗ್ಸ್ ಕಾಲೇಜಿನ ದಂತ ಸಂಶೋಧಕರು ಸವೆತ ಅಳೆಯಲೆಂದೇ ಸೇರಿ ಮಾಡಿದ್ದು, ಉಚಿತ. ಅದನ್ನು ಎಷ್ಟು ನಂಬಬಹುದು ಎಂದು ಪರೀಕ್ಷಿಸಿದ ಪ್ರಬಂಧ 2019ರಲ್ಲಿ ಬಂತು. ಕ್ಲೌಡ್‌ಕಂಪೇರ್, ಮೆಶ್‌ಲ್ಯಾಬ್ ಕೂಡ ಉಚಿತ, ಆದರೆ ಹಲ್ಲಿಗಾಗಿ ಮಾಡಿದವಲ್ಲ. ಕಲಿಯಲು ಸ್ವಲ್ಪ ದಿನ ಹಿಡಿಯುತ್ತದೆ. ಡೆಂಟಲ್ ಕಾಲೇಜಿನ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಇವು ಹೇಳಿಮಾಡಿಸಿದ ಹಾಗಿವೆ.

ಸಂಖ್ಯೆ ಬಂದಾಗ ಅದು ಯಾವುದರ ಸಂಖ್ಯೆ ಎಂದು ಕೇಳಿಕೊಳ್ಳಿ. ಅತಿ ಆಳವಾದ ಒಂದು ಬಿಂದುವಿನದೋ, ಇಡೀ ಮೇಲ್ಮೈಯ ಸರಾಸರಿಯೋ, ಕಳೆದುಹೋದ ಒಟ್ಟು ಗಾತ್ರವೋ? ಒಂದು ಮೂಲೆಯಲ್ಲಿ 150 ಮೈಕ್ರಾನ್ ಹೋಗಿದ್ದರೂ ಸರಾಸರಿ 15 ಎಂದು ತೋರಿಸಬಹುದು. ಹೋದ ವರ್ಷ ಒಂದು, ಈ ವರ್ಷ ಇನ್ನೊಂದು ಅಳತೆ ಹಿಡಿದರೆ ಹೋಲಿಕೆ ಮುಗಿದ ಹಾಗೆ.

ಮೈಕ್ರೋ ಸಿಟಿ (ಅತಿ ಸೂಕ್ಷ್ಮವಾದ ಎಕ್ಸ್‌ರೇ ಸ್ಕ್ಯಾನ್) ಬಗ್ಗೆ ಕೆಲವರು ಕೇಳುತ್ತಾರೆ. ಅದು ಕಿತ್ತ ಹಲ್ಲಿನ ಸಂಶೋಧನೆಗೆ. ಬಾಯಿಗೆ ಮಾಡುವ ಸಿಬಿಸಿಟಿ (ಮೂರು ಆಯಾಮದ ಎಕ್ಸ್‌ರೇ) ಬೇರೆ ಕಾರಣಕ್ಕೆ ಬೇಕಾಗಬಹುದು, ಸವೆತ ಅಳೆಯಲು ಬೇಡ. ಅದರ ಚಿತ್ರದ ಒಂದೊಂದು ಚುಕ್ಕೆಯೇ ವರ್ಷದ ಸವೆತಕ್ಕಿಂತ ದಪ್ಪ, ಮೇಲಿಂದ ವಿಕಿರಣ ಬೇರೆ.

ಹಾಗಾದರೆ ಯಾರಿಗೆ ಯಾವುದು

ಮಲಗಿದಾಗ ಹಲ್ಲು ಕಡಿಯುವವರು, ಎದೆಯುರಿ, ಹುಳಿತೇಗು ಇರುವವರು, ಪದೇ ಪದೇ ವಾಂತಿಯಾಗುವ ಕಾಯಿಲೆಯವರು, ದಿನವೂ ನಿಂಬೆರಸವನ್ನೋ ಕೋಲಾವನ್ನೋ ಗುಟುಕು ಗುಟುಕಾಗಿ ಕುಡಿಯುವವರು ಬಾಯಿಯ ಸ್ಕ್ಯಾನ್ ಮಾಡಿಸಿ. ನಲವತ್ತು ವರ್ಷದೊಳಗೇ ಡೆಂಟಿನ್ ಕಾಣಿಸಿಕೊಂಡಿದ್ದರೂ ಇದೇ ಮಾತು. ಆಮ್ಲದಿಂದ ಸವೆಯುತ್ತಿದೆ ಎಂಬ ಅನುಮಾನ ಬಲವಾಗಿದ್ದರೆ ಆರು ತಿಂಗಳಿಗೆ ಎರಡನೆಯದು, ಉಳಿದವರಿಗೆ ವರ್ಷಕ್ಕೆ. ಮೂರು ತಿಂಗಳಿಗೇ ಮತ್ತೆ ಮಾಡೋಣ ಎಂದು ಯಾರಾದರೂ ಹೇಳಿದರೆ ಏಕೆ ಎಂದು ಕೇಳಿ. ಅಷ್ಟು ಬೇಗ ಕಾಣುವಷ್ಟು ಸವೆತ ತೀರ ಅಪರೂಪ.

ಊರಿನಲ್ಲಿ ಸ್ಕ್ಯಾನರ್ ಇಲ್ಲದಿದ್ದರೆ ಸಿಲಿಕೋನ್ ಅಚ್ಚು, ಗಟ್ಟಿ ಸ್ಟೋನ್ ಮಾಡೆಲ್, ಜತೆಗೆ ಫೋಟೋ. ಇವತ್ತಿನ ದಾಖಲೆ ಇವತ್ತೇ ಆಗಬೇಕು, ಸ್ಕ್ಯಾನ್ ಮುಂದೆ ಯಾವಾಗ ಬೇಕಾದರೂ ಆಗುತ್ತದೆ. ಹಲ್ಲಿಗೆ ಸಿಮೆಂಟ್ ತುಂಬಿಸುವ, ಕ್ಯಾಪ್ ಹಾಕಿಸುವ ಯೋಚನೆಯಿದ್ದರೆ ಅದಕ್ಕೂ ಮೊದಲೇ ದಾಖಲೆ ತೆಗೆಸಿ. ತುಂಬಿಸಿದ ಮೇಲೆ ಆ ಮೇಲ್ಮೈಯನ್ನು ಹಿಂದಿನದಕ್ಕೆ ಹೋಲಿಸಲು ಬರುವುದಿಲ್ಲ.

ಸ್ಕ್ಯಾನ್ ಮಾಡಿಸಿದವರು ಫೈಲನ್ನು ಕೇಳಿ ತೆಗೆದುಕೊಳ್ಳಿ. ಕಂಪನಿಯ ಸ್ವಂತ ನಮೂನೆಯಲ್ಲಿ ಬೇಡ, ಬೇರೆ ಸಾಫ್ಟ್‌ವೇರಿನಲ್ಲೂ ತೆರೆಯುವ ಎಸ್‌ಟಿಎಲ್ ಅಥವಾ ಪಿಎಲ್‌ವೈ ನಮೂನೆಯಲ್ಲಿ. ಪಿಎಲ್‌ವೈನಲ್ಲಿ ಬಣ್ಣವೂ ಉಳಿಯುತ್ತದೆ. ಯಾವ ಸ್ಕ್ಯಾನರ್, ಯಾವ ತಾರೀಖು ಎಂದು ಬರೆದಿಟ್ಟುಕೊಳ್ಳಿ. ಸಾಧ್ಯವಾದರೆ ಮುಂದಿನ ಸಲವೂ ಅದೇ ಯಂತ್ರ ಇರಲಿ. ಊರು ಬದಲಿಸಬಹುದು, ವೈದ್ಯರನ್ನು ಬದಲಿಸಬಹುದು. ಫೈಲ್ ನಿಮ್ಮ ಮೇಲ್‌ನಲ್ಲಿದ್ದರೆ ಅಳತೆ ಮುಂದುವರಿಯುತ್ತದೆ.

ಯಜಮಾನರಿಗೆ ಮೊದಲ ವರ್ಷದ ಹೋಲಿಕೆಯಲ್ಲಿ 30 ಮೈಕ್ರಾನ್ ಬಂತು. ಅವತ್ತಿನ ನಮ್ಮ ತಪ್ಪು 25 ಇತ್ತು. "ಯಜಮಾನ್ರೇ, ಇದರ ಮೇಲೆ ಏನೂ ಹೇಳೋಕಾಗಲ್ಲ, ಕಾಯೋಣ" ಎಂದೆ. ಮೂರನೇ ವರ್ಷ ಮೊದಲ ಸ್ಕ್ಯಾನಿಗೆ ಹೋಲಿಸಿದಾಗ ಅಗಿಯುವ ಬದಿಯಲ್ಲಿ 210 ಬಂತು. ಕವಳ ಹಾಕದ ಬಲಗಡೆಯ ಅದೇ ಹಲ್ಲಿನಲ್ಲಿ 80. ಎರಡು ಹಲ್ಲನ್ನೂ ಪರದೆಯ ಮೇಲೆ ಪಕ್ಕಪಕ್ಕ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಹತ್ತಿರ ಬಂದು, ಎಡಗಡೆಯ ಕೆಂಪು ಜಾಗದ ಮೇಲೆ ಬೆರಳಿಟ್ಟು, "ಇಲ್ಲೇ ನಾನು ಅಡಿಕೆ ಕಡಿಯೋದು" ಎಂದರು.